ದ್ರಾಕ್ಷಿತೋಟದ ಇನ್ನೊಂದು ಬದಿ

1866ರ ಆಗಸ್ಟ್ 28ರಂದು ಆಕ್ಸ್‌ಫರ್ಡಿನ 22 ವರ್ಷದ ವಿದ್ಯಾರ್ಥಿಯೊಬ್ಬ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಹಿರಿಯ ಪಾದ್ರಿಯೊಬ್ಬರಿಗೆ ಪತ್ರ ಬರೆದ. ಅವನು ಹುಟ್ಟಿ ಬೆಳೆದದ್ದು ಚರ್ಚ್ ಆಫ್ ಇಂಗ್ಲೆಂಡಿನಲ್ಲಿ. ಈಗ ರೋಮನ್ ಕ್ಯಾಥೊಲಿಕ್ ಸಭೆಗೆ ಸೇರಬೇಕೆಂಬ ಮನಸ್ಸಾಗಿತ್ತು. ತನಗೆ ವಾದ ಮಾಡಿ ಒಪ್ಪಿಸುವುದು ಬೇಕಾಗಿಲ್ಲ, ಮುಂದೆ ತನ್ನ ಕರ್ತವ್ಯ ಏನು ಎಂದು ತಿಳಿಯಲು ಒಮ್ಮೆ ಭೇಟಿಯಾಗಬಹುದೇ ಎಂದು ಅವನು ಕೇಳಿದ್ದ. ಪರಿಚಯವಿಲ್ಲದ ದೊಡ್ಡವರ ಮುಂದೆ ತಡವರಿಸುತ್ತ ನಿಂತ ಹುಡುಗನ ಪತ್ರ ಅದು.

ವಿದ್ಯಾರ್ಥಿಯ ಹೆಸರು ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್. ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ‘ಪೈಡ್ ಬ್ಯೂಟಿ’, ‘ದಿ ವಿಂಡ್‌ಹೋವರ್’ ಕವಿತೆಗಳ ಮೂಲಕ ಅವನು ಪರಿಚಿತ. ತರಗತಿಯಲ್ಲಿ ಅವನ ಛಂದಸ್ಸಿನ ಬಗ್ಗೆ ಬಹಳ ಮಾತಾಗುತ್ತದೆ. ಬದುಕಿನ ಬಗ್ಗೆ ಎರಡೇ ಸಾಲು: 1866ರಲ್ಲಿ ಕ್ಯಾಥೊಲಿಕನಾದ, 1868ರಲ್ಲಿ ಜೆಸ್ವಿಟ್ ಸಂಘ ಸೇರಿದ. ಆ ಸಾಲುಗಳ ಹಿಂದೆ ಒಂದು ಕಂತೆ ಪತ್ರಗಳಿವೆ. ತಂದೆ, ಗುರು, ಒಬ್ಬ ಮಹಾ ವಿದ್ವಾಂಸ, ಒಬ್ಬ ಸಂತ, ಒಬ್ಬ ಗೆಳೆಯ ಇವರೆಲ್ಲ ಅದರಲ್ಲಿ ಬರುತ್ತಾರೆ. ಹಾಪ್ಕಿನ್ಸ್ ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಆಸೆ ನನಗಿಲ್ಲ. ಅವನ ಮಾತನ್ನು ಕೇಳಿದವರು ಹೇಗೆ ಉತ್ತರ ಕೊಟ್ಟರು ಎಂಬುದು ನನ್ನ ಕುತೂಹಲ. ನಮ್ಮ ಮನೆಯಿಂದ ಎದ್ದು ಪಕ್ಕದ ಮನೆಗೆ ಹೋಗಲು ಹೊರಟವನ ಜೊತೆ ಮಾತಾಡುವುದು ಎಷ್ಟು ಕಷ್ಟ ಎಂದು ಈ ಪತ್ರಗಳಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ದಾಖಲೆ ನನಗೆ ಸಿಕ್ಕಿಲ್ಲ.

ಹೊರಗಿನಿಂದ ನೋಡುವವರಿಗೆ ಇದು ಅಷ್ಟು ದೊಡ್ಡ ಸಂಗತಿ ಅನ್ನಿಸದೆ ಇರಬಹುದು. ಎರಡೂ ಕಡೆ ಅದೇ ಯೇಸು, ಅದೇ ಶಿಲುಬೆ, ಅದೇ ಸುವಾರ್ತೆ. ಎರಡು ಬೀದಿ ದಾಟಿ ಇನ್ನೊಂದು ಚರ್ಚಿಗೆ ಹೋದಂತೆ ಅಷ್ಟೇ. ಆದರೆ ಹತ್ತಿರದವರ ನಡುವಿನ ಗೋಡೆಗೆ ಎತ್ತರ ಹೆಚ್ಚು. ಕನ್ನಡದಲ್ಲೇ ನೋಡಿ: ಪ್ರಾಟೆಸ್ಟಂಟರು ‘ಕರ್ತನ ಭೋಜನ’ ಎನ್ನುವುದನ್ನು ಕ್ಯಾಥೊಲಿಕರು ‘ಪರಮಪ್ರಸಾದ’ ಎನ್ನುತ್ತಾರೆ. ರೊಟ್ಟಿ, ದ್ರಾಕ್ಷಾರಸ ಎರಡೂ ಕಡೆ ಅವೇ. ಆದರೆ ಅವು ಏನಾಗುತ್ತವೆ, ಯಾರ ಕೈಯಲ್ಲಿ ಆಗುತ್ತವೆ, ಹಾಗೆ ಮಾಡುವ ಅಧಿಕಾರ ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ದಾರಿ ಕವಲೊಡೆಯುತ್ತದೆ.

ಇಂಗ್ಲೆಂಡಿನಲ್ಲಿ ಆ ಕವಲಿಗೆ ರಾಜಕೀಯದ ಇತಿಹಾಸವೂ ಇತ್ತು. 1534ರಲ್ಲಿ ಎಂಟನೆಯ ಹೆನ್ರಿ ಪೋಪರ ಅಧಿಕಾರ ಕಿತ್ತುಹಾಕಿ ತಾನೇ ಚರ್ಚಿನ ಮುಖ್ಯಸ್ಥನಾದ. ಅಲ್ಲಿಂದ ಮುಂದೆ ಕ್ಯಾಥೊಲಿಕ್ ಎಂದರೆ ಪರದೇಶದ ದೊರೆಗೆ ನಡೆದುಕೊಳ್ಳುವವನು ಎಂಬ ಅನುಮಾನ ಅಂಟಿಕೊಂಡಿತು. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದು 1829ರಲ್ಲಿ. 1850ರಲ್ಲಿ ಪೋಪರು ಇಂಗ್ಲೆಂಡಿಗೆ ಮತ್ತೆ ಬಿಷಪರನ್ನು ನೇಮಿಸಿದಾಗ ದೇಶದಲ್ಲಿ ದೊಡ್ಡ ಗುಲ್ಲೆದ್ದಿತು. ಆಕ್ಸ್‌ಫರ್ಡಿನಲ್ಲಿ 1854ರ ಕಾಯಿದೆ ಬರುವವರೆಗೆ, ಚರ್ಚ್ ಆಫ್ ಇಂಗ್ಲೆಂಡಿನ 39 ವಿಧಿಗಳಿಗೆ ಸಹಿ ಹಾಕದೆ ವಿದ್ಯಾರ್ಥಿಯಾಗಿ ಸೇರುವಂತೆಯೇ ಇರಲಿಲ್ಲ. ಆಮೇಲೆ ಬಿ.ಎ. ಪದವಿಗೆ ಆ ಅಡ್ಡಿ ಹೋಯಿತು. ಆದರೆ ಎಂ.ಎ. ಪದವಿಗೂ ಕಾಲೇಜುಗಳ ಫೆಲೋ ಹುದ್ದೆಗಳಿಗೂ ಇದ್ದ ಅಡ್ಡಿ ತೆಗೆದದ್ದು 1871ರ ಕಾಯಿದೆ. ಹಾಪ್ಕಿನ್ಸ್ ಬೇಲಿಯಲ್ ಕಾಲೇಜಿನ ಜಾಣ ವಿದ್ಯಾರ್ಥಿ. 1866ರಲ್ಲಿ ಸಭೆ ಬದಲಿಸುವುದೆಂದರೆ ಅವನ ಪಾಲಿಗೆ ಆಕ್ಸ್‌ಫರ್ಡಿನ ಫೆಲೋ ಆಗುವ ದಾರಿಯನ್ನು ಕೈಯಾರೆ ಮುಚ್ಚಿಕೊಂಡಂತೆ.

ಆ ಕಾಲದ ಇಂಗ್ಲಿಷಿನಲ್ಲಿ ಒಂದು ಭಾಷಾ ವಿಚಿತ್ರವೂ ಇತ್ತು. ನಮ್ಮ ಕಡೆಗೆ ಬಂದವನು ‘ಕನ್ವರ್ಟ್’, ನಮ್ಮನ್ನು ಬಿಟ್ಟು ಹೋದವನು ‘ಪರ್ವರ್ಟ್’. ನಡಿಗೆ ಒಂದೇ, ನೋಡುವವರು ಯಾವ ಬಾಗಿಲಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಅದರ ಹೆಸರು ಬದಲಾಗುತ್ತಿತ್ತು. ಎರಡನೆಯ ಪದದಲ್ಲಿ ದಾರಿಗೆಟ್ಟವನು ಎಂಬ ಅರ್ಥ ಮೊದಲೇ ಕೂತಿತ್ತು. ಅದನ್ನು ಬಾಯಿಗೆ ತಂದುಕೊಂಡವನಿಗೆ ಎದುರಿನವನ ಮಾತು ಕೇಳುವ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತಿತ್ತು.

ಹಾಪ್ಕಿನ್ಸ್ ಪತ್ರ ಬರೆದದ್ದು ಜಾನ್ ಹೆನ್ರಿ ನ್ಯೂಮನ್ ಅವರಿಗೆ. ಇದೇ ದಾರಿಯಲ್ಲಿ ಅವರು ಇಪ್ಪತ್ತೊಂದು ವರ್ಷ ಮೊದಲು ನಡೆದಿದ್ದರು. ಈ ಕತೆಗೆ ಆ ಹಿನ್ನೆಲೆ ಬೇಕು.

1833ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಚಳವಳಿ ಶುರುವಾಯಿತು. ಚರ್ಚ್ ಆಫ್ ಇಂಗ್ಲೆಂಡ್ ಸರ್ಕಾರದ ಒಂದು ಇಲಾಖೆಯಲ್ಲ, ಅಪೊಸ್ತಲರ ಕಾಲದಿಂದ ಹರಿದುಬಂದ ಪ್ರಾಚೀನ ಸಭೆಯ ಭಾಗ ಎಂಬುದು ಅದರ ವಾದ. ಕವಿ ಮತ್ತು ಪಾದ್ರಿ ಜಾನ್ ಕೀಬಲ್, ಸೇಂಟ್ ಮೇರಿ ಚರ್ಚಿನ ಪ್ರವಚನಗಳಿಂದ ಹೆಸರಾದ ನ್ಯೂಮನ್, ಹೀಬ್ರೂ ಪ್ರಾಧ್ಯಾಪಕ ಎಡ್ವರ್ಡ್ ಪ್ಯೂಸಿ, ಈ ಮೂವರು ಅದರ ಕಂಬಗಳು. ಆದರೆ ಆ ವಾದವನ್ನು ಕೊನೆಯವರೆಗೆ ಹಿಂಬಾಲಿಸಿದಾಗ ನ್ಯೂಮನ್ ಅವರಿಗೆ ಸಿಕ್ಕಿದ್ದು ರೋಮಿನ ಬಾಗಿಲು. 1843ರ ಸೆಪ್ಟೆಂಬರಿನಲ್ಲಿ ಅವರು ಸೇಂಟ್ ಮೇರಿ ಚರ್ಚಿನ ಹೊಣೆ ಬಿಟ್ಟರು. ಆಕ್ಸ್‌ಫರ್ಡಿನ ಹೊರಗಿನ ಲಿಟಲ್‌ಮೋರ್ ಹಳ್ಳಿಯಲ್ಲಿ ಗೆಳೆಯರ ಅಗಲಿಕೆಯ ಕುರಿತು ಪ್ರವಚನ ಮಾಡಿದರು. ಮತ್ತೂ ಎರಡು ವರ್ಷ ಕಾದು, 1845ರ ಅಕ್ಟೋಬರ್ 9ರಂದು ಇಟಲಿಯ ಪಾದ್ರಿ ಡೊಮಿನಿಕ್ ಬಾರ್ಬೆರಿ ಅವರ ಮೂಲಕ ಕ್ಯಾಥೊಲಿಕ್ ಸಭೆ ಸೇರಿದರು.

ಈ ಸುದ್ದಿಗೆ ಬಂದ ಉತ್ತರಗಳು ಹಲವು ಬಗೆಯವು. ತಂಗಿ ಹ್ಯಾರಿಯೆಟ್ ಸಂಬಂಧವನ್ನೇ ಕಡಿದುಕೊಂಡರು. 1852ರಲ್ಲಿ ಆಕೆ ತೀರಿಕೊಂಡಾಗಲೂ ಅದು ಮತ್ತೆ ಕೂಡಿರಲಿಲ್ಲ. ಕೀಬಲ್ ತುಂಬು ಪ್ರೀತಿಯಿಂದ ವಿದಾಯದ ಪತ್ರ ಬರೆದರು, ಆಮೇಲೆ ಹಲವು ವರ್ಷ ಮೌನವಾದರು. ಅತಿ ಹೆಚ್ಚು ಕಳೆದುಕೊಂಡವರು ಪ್ಯೂಸಿ. ಗೆಳೆಯ ಹೋದ, ಚಳವಳಿಯ ದೊಡ್ಡ ತಲೆ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಈ ಚಳವಳಿ ರೋಮಿಗೆ ಹೋಗುವ ಮೆಟ್ಟಿಲಷ್ಟೇ ಎಂದು ಹೇಳುತ್ತಿದ್ದ ವಿರೋಧಿಗಳಿಗೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು.

ಆ ಹೊತ್ತಿನಲ್ಲಿ ಪ್ಯೂಸಿ ಬರೆದ ಪತ್ರವೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಮನ್ ನಮ್ಮನ್ನು ಬಿಟ್ಟು ಹೋದರು ಎನ್ನುವುದಕ್ಕಿಂತ, ಅವರನ್ನು ದ್ರಾಕ್ಷಿತೋಟದ ಇನ್ನೊಂದು ಭಾಗದಲ್ಲಿ ನೆಟ್ಟಂತೆ ತಮಗೆ ಕಾಣುತ್ತದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅವರ ಶಕ್ತಿ ಅಲ್ಲಿ ಕೆಲಸಕ್ಕೆ ಬರಬಹುದು, ಎರಡು ಸಭೆಗಳು ಮುಂದೊಂದು ದಿನ ಹತ್ತಿರವಾಗಲು ಇದೇ ಒಂದು ದಾರಿಯಾಗಬಹುದು ಎಂದೂ ಅವರು ಯೋಚಿಸಿದ್ದರು. ದ್ರಾಕ್ಷಿತೋಟ ಬೈಬಲಿನಲ್ಲಿ ದೇವರ ಜನರಿಗೆ ಬಳಸುವ ರೂಪಕ. ಪ್ಯೂಸಿ ತಮ್ಮ ನಿಲುವನ್ನು ಒಂದಿಷ್ಟೂ ಸಡಿಲಿಸಿರಲಿಲ್ಲ. ಸಾಯುವವರೆಗೂ ಅವರು ಆಂಗ್ಲಿಕನ್ ಆಗಿಯೇ ಉಳಿದರು, ರೋಮಿನ ಮೇಲಿನ ತಕರಾರುಗಳನ್ನು ಬರೆಯುತ್ತಲೇ ಇದ್ದರು. ಆದರೂ ತೋಟ ಒಂದೇ, ಸಾಲು ಮಾತ್ರ ಬೇರೆ ಎನ್ನುವಷ್ಟು ಜಾಗ ಅವರ ಮನಸ್ಸಿನಲ್ಲಿತ್ತು. ಕಳೆದುಕೊಂಡ ಕಡೆಯಿಂದ ಬಂದ ಮಾತು ಎಂಬುದರಿಂದ ಅದರ ಬೆಲೆ ಹೆಚ್ಚು.

ಈಗ 1866ಕ್ಕೆ ಬರೋಣ. ಹಾಪ್ಕಿನ್ಸ್ 1863ರಲ್ಲಿ ಬೇಲಿಯಲ್ ಕಾಲೇಜಿಗೆ ಬಂದಾಗ ಆ ಹಳೆಯ ಚಳವಳಿಯ ಕಾವು ಅಲ್ಲಿ ಇನ್ನೂ ಇತ್ತು. ಪ್ಯೂಸಿಯವರ ಶಿಷ್ಯ ಹೆನ್ರಿ ಲಿಡನ್ ಅವರ ಬಳಿ ಅವನು ಪಾಪನಿವೇದನೆ ಮಾಡುತ್ತಿದ್ದ. ಮೂರು ವರ್ಷ ಕಳೆಯುವಷ್ಟರಲ್ಲಿ ಅವನೊಳಗೆ ಪ್ರಶ್ನೆಗಳು ಬೆಳೆದವು. 1866ರ ಜುಲೈ 17ರ ದಿನಚರಿಯಲ್ಲಿ ಅವನು ಅದನ್ನು ಗುರುತು ಮಾಡಿಕೊಂಡಿದ್ದಾನೆ: ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಇನ್ನು ಉಳಿಯಲಾರೆ ಎಂದು ಆ ರಾತ್ರಿ ಸ್ಪಷ್ಟವಾಗಿ ತೋರಿತು. ಆದರೆ ರಜೆ ಮುಗಿಯುವವರೆಗೆ, ಎಂದರೆ ಮೂರು ತಿಂಗಳು, ಯಾರಿಗೂ ಹೇಳುವುದಿಲ್ಲ. ಪದವಿ ಮುಗಿಯುವವರೆಗೆ ಹೆಜ್ಜೆ ಇಡುವುದಿಲ್ಲ.

ಎರಡೂ ನಿರ್ಧಾರಗಳು ಉಳಿಯಲಿಲ್ಲ. ಒಂದು ವಾರದೊಳಗೆ ಜೊತೆಗಿದ್ದ ಗೆಳೆಯನಿಗೆ ವಿಷಯ ಗೊತ್ತಾಯಿತು, ಆಗಸ್ಟಿನಲ್ಲಿ ನ್ಯೂಮನ್ ಅವರಿಗೆ ಪತ್ರ ಹೋಯಿತು. ಅದೇ ಬೇಸಿಗೆಯಲ್ಲಿ ಅವನು ಆಪ್ತ ಗೆಳೆಯ ರಾಬರ್ಟ್ ಬ್ರಿಜಸ್‌ನ ಮನೆಯಲ್ಲಿ ಉಳಿದಿದ್ದ. ಆಗ ಅವನಿಗೆ ಬಾಯಿಬಿಟ್ಟು ಹೇಳಲಿಲ್ಲ, ಆಮೇಲೆ ಪತ್ರದಲ್ಲಿ ತಿಳಿಸಿದ. ಮನೆಯವರಿಗೆ ಗೊತ್ತಾಗಿದ್ದು ಅಕ್ಟೋಬರಿನಲ್ಲಿ. ಎಲ್ಲರಿಗಿಂತ ಹತ್ತಿರದವರಿಗೆ ಎಲ್ಲರಿಗಿಂತ ತಡವಾಗಿ. ಇಂಥ ವಿಷಯಗಳಲ್ಲಿ ಹೀಗೇ ಆಗುತ್ತದೆ. ಯಾರ ಮುಖ ನೋಡಿದರೆ ಧೈರ್ಯ ಕುಸಿಯುತ್ತದೋ ಅವರನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ಆಮೇಲೆ ಅವರಿಗೆ ಎರಡು ನೋವು: ಹೋಗುತ್ತಿದ್ದಾನೆ ಎಂಬುದೊಂದು, ನಮಗೇ ಕೊನೆಗೆ ಹೇಳಿದ ಎಂಬುದು ಇನ್ನೊಂದು.

ತಂದೆ ಮ್ಯಾನ್ಲಿ ಹಾಪ್ಕಿನ್ಸ್ ಹಡಗು ವಿಮೆಯ ವ್ಯವಹಾರದವರು. ಕವಿತೆ ಬರೆಯುತ್ತಿದ್ದರು, ಹವಾಯಿ ದ್ವೀಪಗಳ ಬಗ್ಗೆ ಪುಸ್ತಕ ಬರೆದಿದ್ದರು. ತಿಳಿವಳಿಕಸ್ಥ, ಮೃದು ಸ್ವಭಾವದ ಮನುಷ್ಯ. ಹಿರಿಯ ಮಗ ಮನೆಯ ಆಸರೆ ಎಂದುಕೊಂಡಿದ್ದವರು. ಅವರ ಪತ್ರಗಳಲ್ಲಿ ಕೋಪಕ್ಕಿಂತ ಸಂಕಟ ಹೆಚ್ಚು. ಮಗ ನಿಜವಾಗಿಯೂ ತಮ್ಮನ್ನು ಬಿಟ್ಟು ಹೋಗಿಬಿಟ್ಟನೇ ಎಂದು ಕೇಳುತ್ತಾರೆ. ಪದವಿಯಾಗುವವರೆಗಾದರೂ ಕಾಯಿ ಎನ್ನುತ್ತಾರೆ. ಲಿಡನ್ ಅವರಿಗೂ ಬರೆದು, ಮಗನ ಶುದ್ಧವಾದ ಬಾಳು ಮತ್ತು ಅಪರೂಪದ ಬುದ್ಧಿ ವ್ಯರ್ಥವಾಗದಂತೆ ತಡೆಯಿರಿ ಎಂದು ಬೇಡಿಕೊಳ್ಳುತ್ತಾರೆ. ಮನೆಯ ಬಾಗಿಲನ್ನು ಅವರು ಮುಚ್ಚಲಿಲ್ಲ. ಒಂದು ಷರತ್ತು ಹಾಕಿದರು: ತಮ್ಮಂದಿರು, ತಂಗಿಯರ ಮನಸ್ಸನ್ನು ತಿರುಗಿಸಲು ಹೋಗಬಾರದು.

ಹಾಪ್ಕಿನ್ಸ್ ಅಕ್ಟೋಬರ್ 16ರಂದು ಕೊಟ್ಟ ಉತ್ತರ ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅಂಥ ಮಾತು ಕೊಡಲು ಮೊದಲು ಅನುಮತಿ ಪಡೆಯಬೇಕು, ಅದು ಸಿಗುತ್ತದೆ ಎಂಬ ಭರವಸೆಯಿದೆ. ಆದರೆ ಅವರು ವಯಸ್ಸಿಗೆ ಬಂದ ಮೇಲೆ ಈ ಮಾತು ಅನ್ವಯಿಸುವುದಿಲ್ಲ ಎಂದು ಅವನು ಬರೆಯುತ್ತಾನೆ. ಅಳುತ್ತಿರುವ ತಂದೆಗೆ ವಕೀಲನ ಕಾಗದ! ಆದರೆ ಅದರ ಹಿಂದಿನ ದಿನವಷ್ಟೇ ಅವನು ನ್ಯೂಮನ್ ಅವರಿಗೆ ಬರೆದ ಪತ್ರದಲ್ಲಿ ಬೇರೆಯೇ ಮನುಷ್ಯ ಕಾಣುತ್ತಾನೆ. ಮನೆಯಿಂದ ಬಂದ ಉತ್ತರಗಳು ಭಯಂಕರವಾಗಿವೆ, ಎರಡನೆಯ ಸಲ ಓದಲು ಆಗುತ್ತಿಲ್ಲ ಎಂದು ಅಲ್ಲಿ ಹೇಳಿಕೊಳ್ಳುತ್ತಾನೆ. ಒಳಗೆ ಕುಸಿಯುತ್ತಿದ್ದವನು ಹೊರಗೆ ಗಟ್ಟಿಯಾಗಿ ನಿಂತ ಬಗೆ ಅದು. ಉದಾರತೆ ಕೇಳಿಸಿಕೊಳ್ಳುವವರ ಮೇಲಿನ ಸಾಲ ಮಾತ್ರವಲ್ಲ, ಹೋಗುವವನ ಮೇಲೂ ಇದೆ. ಆ ವಾರ ಹಾಪ್ಕಿನ್ಸ್ ಅದನ್ನು ತೀರಿಸಲಿಲ್ಲ.

ಲಿಡನ್ ಕೆಲವೇ ದಿನಗಳಲ್ಲಿ ಒಂದರ ಹಿಂದೆ ಒಂದು ಪತ್ರ ಬರೆದರು. ದುಡುಕಬೇಡ, ನಿಲ್ಲು, ಇನ್ನೊಮ್ಮೆ ಯೋಚಿಸು ಎಂಬುದೇ ಎಲ್ಲದರ ಸಾರ. ಅವರಿಗೆ ತಮ್ಮ ನಂಬಿಕೆಯ ಬಗ್ಗೆ ಸಂಶಯವಿರಲಿಲ್ಲ. ಶಿಷ್ಯನ ಮೇಲೆ ಪ್ರೀತಿಯಿತ್ತು, ತಂದೆಯ ಪತ್ರದ ಭಾರ ಹೆಗಲ ಮೇಲಿತ್ತು. ಅಷ್ಟು ಬಿಡುವು ಮಾಡಿಕೊಂಡು ಒಬ್ಬ ವಿದ್ಯಾರ್ಥಿಯ ಹಿಂದೆ ಬಿದ್ದ ಅವರನ್ನು ಸುಮ್ಮನೆ ‘ತಡೆದವರು’ ಎಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುವುದು ಅನ್ಯಾಯ. ತಡೆಯುವುದೂ ಪ್ರೀತಿಯ ಕೆಲಸವಾಗಬಹುದು. ಆದರೆ ಹೊರಡಲು ಚಪ್ಪಲಿ ಮೆಟ್ಟಿದವನಿಗೆ ದಿನಕ್ಕೊಂದು ಪತ್ರ ಬಂದರೆ ಅದು ಮಾತುಕತೆಯಾಗಿ ಉಳಿಯುವುದಿಲ್ಲ, ಎಳೆದಾಟವಾಗುತ್ತದೆ. ಎಳೆದಷ್ಟೂ ಅವನು ಇನ್ನೊಂದು ದಿಕ್ಕಿಗೆ ಬಿಗಿಯಾಗುತ್ತಾನೆ.

ಪ್ಯೂಸಿಯವರ ಪತ್ರ ಚಿಕ್ಕದು. ಹಾಪ್ಕಿನ್ಸ್ ಅವರನ್ನು ಕಾಣಲು ಕೇಳಿದ್ದ. ನೋಡುವುದಿಲ್ಲ ಎಂದು ತಾವು ಹೇಳಿಲ್ಲ, ನಿನ್ನ ಬಂಧುಗಳ ಸಮಾಧಾನಕ್ಕಾಗಿ ಮಾತ್ರ ನೋಡುವುದಕ್ಕೆ ಒಪ್ಪಿಲ್ಲ ಎಂದು ಅವರು ಉತ್ತರಿಸಿದರು. ಇಂಥ ಭೇಟಿಗಳ ಅರ್ಥ ತಮಗೆ ಚೆನ್ನಾಗಿ ಗೊತ್ತು. ‘ಪ್ಯೂಸಿಯವರನ್ನು ಕಂಡೆ, ಅವರಿಂದಲೂ ನನ್ನ ಸಂಶಯ ಹೋಗಲಿಲ್ಲ’ ಎಂದು ಮನೆಯಲ್ಲಿ ಹೇಳುವುದಕ್ಕೆ ಅನುಕೂಲವಾಗಲಿ ಎಂದು ಬರುತ್ತಾರೆ. ಸಮಾಧಾನವಾಗಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ತಮ್ಮ ಸಮಯ ಹಾಳು. ಇದು ಒಟ್ಟು ಧಾಟಿ. ‘ಪರ್ವರ್ಟ್’ ಎಂಬ ಪದವನ್ನು ಅವರೂ ಇಲ್ಲಿ ಬಳಸಿದ್ದಾರೆ. ನಿನ್ನ ಈ ನಿರ್ಧಾರದಿಂದ ಲಾಭವಾಗುವುದು ಯಾವ ದೇವರನ್ನೂ ನಂಬದವರಿಗೆ ಎಂದು ಕೊನೆಯಲ್ಲಿ ಎಚ್ಚರಿಸಿದ್ದಾರೆ.

1845ರ ಪತ್ರ ಓದಿ ಈ ಪತ್ರಕ್ಕೆ ಬಂದಾಗ ಇಬ್ಬರು ಬೇರೆ ಬೇರೆ ಪ್ಯೂಸಿ ಇದ್ದರೇ ಅನ್ನಿಸಿತು ನನಗೆ. ಹಾಗೇನೂ ಇಲ್ಲ. ಅವರ ಕಡೆಯಿಂದಲೂ ನೋಡಬೇಕು. ಅವರಿಗೆ ಆಗ 66 ವರ್ಷ. ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಯುವಕರು ಹೀಗೆ ಅವರ ಕೋಣೆಗೆ ಬಂದು, ಕೂತು, ಮಾತಾಡಿ, ಎದ್ದು ರೋಮಿನ ದಾರಿ ಹಿಡಿದಿದ್ದರು. ಪ್ರತಿ ಸಲವೂ ಹೊರಗಿನವರು ಬೆರಳು ತೋರಿಸಿದ್ದು ಅವರತ್ತ. ಅವರು ಬರೆದದ್ದರಲ್ಲಿ ಸುಳ್ಳೂ ಇಲ್ಲ. ಹಾಪ್ಕಿನ್ಸ್ ಮನಸ್ಸು ಮಾಡಿಕೊಂಡಾಗಿತ್ತು, ಅವರ ಬಳಿ ಬರಲು ಹೊರಟದ್ದು ಮನೆಯವರಿಗಾಗಿ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಲೆಕ್ಕ ಹಾಕಿದ್ದು ಹಿಂದೆ ಬಂದುಹೋದವರೆಲ್ಲರ ಮೇಲೆ, ಕಟ್ಟಿಸಿದ್ದು ಈಗ ಎದುರು ನಿಂತ ಒಬ್ಬನಿಂದ. ಆ ಹುಡುಗನಿಗೆ ಬೇಕಿದ್ದದ್ದು ವಾದವಲ್ಲದೆ ಇರಬಹುದು. ತನ್ನನ್ನು ಬೆಳೆಸಿದ ಸಭೆಯ ಹಿರಿಯರೊಬ್ಬರು ತನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು ಎಂಬ ನೆನಪು ಅವನ ಜೊತೆ ಹೋಗುತ್ತಿತ್ತು. ಅದು ತಪ್ಪಿತು.

ಇದನ್ನು ಇನ್ನಷ್ಟು ವಿಚಿತ್ರವಾಗಿಸುವ ಒಂದು ಘಟನೆ ಹಿಂದಿನ ವರ್ಷವೇ ನಡೆದಿತ್ತು. 1863ರಲ್ಲಿ ಕೀಬಲ್ ತಮ್ಮ ದೀರ್ಘ ಮೌನಕ್ಕೆ ಕ್ಷಮೆ ಕೇಳಿ ನ್ಯೂಮನ್ ಅವರಿಗೆ ಬರೆದಿದ್ದರು. 1865ರ ಸೆಪ್ಟೆಂಬರ್ 12ರಂದು ನ್ಯೂಮನ್ ಹರ್ಸ್‌ಲಿ ಎಂಬ ಹಳ್ಳಿಯಲ್ಲಿದ್ದ ಕೀಬಲ್ ಅವರ ಮನೆ ಬಾಗಿಲಿಗೆ ಹೋಗಿ ನಿಂತರು. ಬಾಗಿಲಲ್ಲಿದ್ದ ಕೀಬಲ್ ಅವರಿಗೆ ಗುರುತು ಸಿಗಲಿಲ್ಲ, ನ್ಯೂಮನ್ ಅವರಿಗೂ ಸಿಗಲಿಲ್ಲ. ಹೆಸರಿನ ಚೀಟಿ ತೆಗೆದು ಕೊಡಬೇಕಾಯಿತು. ಒಳಗೆ ಪ್ಯೂಸಿ ಇದ್ದರು. ಎರಡು ದಶಕಗಳ ಮೇಲೆ ಮೂವರು ಮುದುಕರು ಒಂದೇ ಮೇಜಿನ ಸುತ್ತ ಕೂತು ಊಟ ಮಾಡಿದರು. ಮುಂದಿನ ಮಾರ್ಚಿನಲ್ಲಿ ಕೀಬಲ್ ತೀರಿಕೊಂಡರು, ಮತ್ತೆ ಆ ಮೂವರು ಸೇರಲಿಲ್ಲ. ಬಿಟ್ಟು ಹೋದ ಗೆಳೆಯನ ಜೊತೆ ಹೀಗೆ ಊಟ ಮಾಡಿದ ಪ್ಯೂಸಿ, ಹದಿಮೂರು ತಿಂಗಳ ಮೇಲೆ, ಬಿಟ್ಟು ಹೋಗಲಿದ್ದ ವಿದ್ಯಾರ್ಥಿಗೆ ಬಾಗಿಲು ತೆರೆಯಲಿಲ್ಲ. ಉದಾರತೆ ಒಮ್ಮೆ ಗಳಿಸಿಟ್ಟರೆ ಬಡ್ಡಿ ಕೊಡುತ್ತಿರುವ ಠೇವಣಿಯಲ್ಲ ಎಂದು ನಾನು ಇದರಿಂದ ತಿಳಿದುಕೊಂಡೆ. ಹಳೆಯ ಗೆಳೆಯನಿಗೆ ಕೊಟ್ಟದ್ದನ್ನು ಹೊಸಬನಿಗೆ ಮತ್ತೆ ಮೊದಲಿನಿಂದ ಕೊಡಬೇಕು.

ಇನ್ನು ನ್ಯೂಮನ್. ಸೆಪ್ಟೆಂಬರ್ 20ರಂದು ಹಾಪ್ಕಿನ್ಸ್ ಬರ್ಮಿಂಗ್‌ಹ್ಯಾಮಿನ ಒರೆಟರಿಯಲ್ಲಿ ಅವರನ್ನು ಕಂಡ. ಕೆಲವೇ ದಿನಗಳಲ್ಲಿ ಬ್ರಿಜಸ್‌ಗೆ ಬರೆದ ಪತ್ರದಲ್ಲಿ ಭೇಟಿಯ ವಿವರ ಇದೆ. ನ್ಯೂಮನ್ ಸಲುಗೆಯಿಂದ, ನಗುನಗುತ್ತ ಮಾತಾಡಿದರು. ಹುಡುಗ ದುಡುಕುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಲು ಪ್ರಶ್ನೆ ಕೇಳಿದರು. ಅವನ ಕಾರಣಗಳನ್ನು ಅವನ ಬಾಯಿಂದಲೇ ಕೇಳಿದರು. ಈ ಕಾರಣಗಳಿಂದ ತಪ್ಪಿಸಿಕೊಳ್ಳುವ ದಾರಿ ತನಗೆ ಕಾಣುತ್ತಿಲ್ಲ ಎಂದು ಅವನು ಹೇಳಿದಾಗ, ತಮಗೂ ಕಾಣುತ್ತಿಲ್ಲ ಎಂದು ನಕ್ಕರು. ಅವಸರ ಮಾಡಲಿಲ್ಲ, ಇನ್ನೂ ತಡೆದರು ಎನ್ನಬೇಕು ಎಂದು ಹಾಪ್ಕಿನ್ಸ್ ನೆನೆಯುತ್ತಾನೆ. ಅಕ್ಟೋಬರಿನಲ್ಲಿ ಮನೆಯ ಪತ್ರಗಳ ಏಟು ಬಿದ್ದಾಗ, ಇಷ್ಟು ದೊಡ್ಡ ಹೆಜ್ಜೆ ನೋವಿಲ್ಲದೆ ಆಗುವುದಿಲ್ಲ ಎಂದು ನ್ಯೂಮನ್ ಸಮಾಧಾನ ಹೇಳಿದರು. ತಂದೆ ತಾಯಿಯ ಮೇಲೆ ಮಗನನ್ನು ಎತ್ತಿ ಕಟ್ಟಲಿಲ್ಲ. ಅಕ್ಟೋಬರ್ 21ರಂದು ಅವನನ್ನು ಸಭೆಗೆ ಸೇರಿಸಿಕೊಂಡರು.

ಗೆದ್ದ ಕಡೆಯವರಿಗೆ ನಗುವುದು ಸುಲಭವಲ್ಲವೇ? ಈ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಪ್ಯೂಸಿ ಒಬ್ಬ ಹುಡುಗನನ್ನು ಕಳೆದುಕೊಳ್ಳುತ್ತಿದ್ದರು, ನ್ಯೂಮನ್ ಪಡೆಯುತ್ತಿದ್ದರು. ಹಾಗಾಗಿ ಸೆಪ್ಟೆಂಬರಿನ ಸೌಜನ್ಯವನ್ನೇ ತೂಕಕ್ಕೆ ಹಾಕುವುದು ಸರಿಯಲ್ಲ. ಆಮೇಲೆ ಬಂದ ಎರಡು ಪತ್ರಗಳನ್ನು ನೋಡಬೇಕು.

ಮೊದಲನೆಯದು 1866ರ ಡಿಸೆಂಬರ್ 6ರದು. ಹೊಸದಾಗಿ ಸೇರಿದವನ ಉತ್ಸಾಹದಲ್ಲಿದ್ದ ಹಾಪ್ಕಿನ್ಸ್‌ಗೆ ಅವರು ಕೊಟ್ಟ ಬುದ್ಧಿವಾದ ಹೀಗಿತ್ತು: ನಿನ್ನ ಮೊದಲ ಕರ್ತವ್ಯ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಪಡೆಯುವುದು, ಕ್ಯಾಥೊಲಿಕನಾದದ್ದರಿಂದ ಕಣ್ಣೆದುರಿನ ಕೆಲಸದಲ್ಲಿ ನೀನು ಚಂಚಲನಾಗಿಲ್ಲ ಎಂದು ಮನೆಯವರಿಗೆ ತೋರಿಸು. ರಜೆಗೆ ಒರೆಟರಿಗೆ ಬಾ ಎಂದು ತಾವು ಕರೆದದ್ದು ಅವನು ಮನೆಗೆ ಹೋಗಲಾರ ಎಂದುಕೊಂಡು. ಮನೆಯಲ್ಲಿ ನೆಮ್ಮದಿಯಾಗಿ ಇರಬಹುದಾದರೆ ಮನೆಯೇ ಎಲ್ಲಕ್ಕಿಂತ ಒಳ್ಳೆಯ ಜಾಗ ಎಂದೂ ಬರೆದರು. ತಮ್ಮ ಬಳಿಗೆ ಬಂದ ಹುಡುಗನನ್ನು ತಾಯಿಯ ಕಡೆಗೆ ತಿರುಗಿಸಿ ಕಳಿಸಿದ ಪತ್ರ ಅದು. ಹಾಪ್ಕಿನ್ಸ್ ಆ ಕ್ರಿಸ್ಮಸ್ಸಿಗೆ ಮನೆಗೆ ಹೋದ. 1867ರ ಜೂನಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ.

ಎರಡನೆಯದು 1868ರ ಮೇ ತಿಂಗಳದು. ಹಾಪ್ಕಿನ್ಸ್ ಅಷ್ಟರಲ್ಲಿ ನ್ಯೂಮನ್ ಅವರ ಒರೆಟರಿ ಶಾಲೆಯಲ್ಲಿ ಕೆಲವು ತಿಂಗಳು ಪಾಠ ಹೇಳಿದ್ದ. ಮೇಷ್ಟರ ಕೆಲಸ ಅವನಿಗೆ ಹಿಡಿಸಿರಲಿಲ್ಲ. ಈಗ ಅವನು ಜೆಸ್ವಿಟ್ ಸಂಘ ಸೇರಲು ನಿರ್ಧರಿಸಿದ್ದ. ಎಂದರೆ ನ್ಯೂಮನ್ ಅವರ ಮನೆಯನ್ನೂ ಬಿಟ್ಟು ಹೊರಟಿದ್ದ. ಇಂಥ ಪ್ರತಿಭಾವಂತ ತಮ್ಮಲ್ಲೇ ಉಳಿಯಲಿ ಎಂದು ಯಾವ ಸಂಸ್ಥೆಯ ಹಿರಿಯರಿಗಾದರೂ ಆಸೆಯಾಗುತ್ತದೆ. ಆದರೆ ನ್ಯೂಮನ್ ಉತ್ತರಿಸಿದ್ದು, ನಿನಗೆ ಅದೇ ತಕ್ಕ ಜಾಗ, ಜೆಸ್ವಿಟರ ಶಿಸ್ತನ್ನು ಕಠಿಣ ಎನ್ನಬೇಡ, ಅದು ನಿನ್ನನ್ನು ಸ್ವರ್ಗಕ್ಕೆ ಮುಟ್ಟಿಸುತ್ತದೆ ಎಂದು. ಕಳೆದುಕೊಳ್ಳುವ ಸರದಿ ತಮ್ಮದಾದಾಗಲೂ ಅವರ ದನಿ ಬದಲಾಗಲಿಲ್ಲ. 1866ರ ಅವರ ನಗುವನ್ನು ನಾನು ನಂಬುವುದು ಈ ಪತ್ರದ ಬಲದಿಂದ.

ಅಂಥದ್ದೇ ಇನ್ನೊಂದು ಪ್ರಸಂಗ 1884ರದು. ಮಾರ್ಕ್ ಪ್ಯಾಟಿಸನ್ ಯೌವನದಲ್ಲಿ ನ್ಯೂಮನ್ ಅವರ ಹಿಂಬಾಲಕ. ನ್ಯೂಮನ್ ರೋಮಿನ ಕಡೆ ಹೋದರೆ ಪ್ಯಾಟಿಸನ್ ನಿಧಾನವಾಗಿ ನಂಬಿಕೆಯಿಂದಲೇ ದೂರವಾಗಿ, ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನ ಮುಖ್ಯಸ್ಥರಾದರು. ಅವರು ಸಾವಿನ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿ, ಆಗ ಕಾರ್ಡಿನಲ್ ಆಗಿದ್ದ, 83ನೇ ವಯಸ್ಸಿನ ಹತ್ತಿರವಿದ್ದ ನ್ಯೂಮನ್ ಚಳಿಗಾಲದಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಆಕ್ಸ್‌ಫರ್ಡಿಗೆ ಬಂದು ನೋಡಿ ಹೋದರು. ಪ್ಯಾಟಿಸನ್ ಮನಸ್ಸು ಬದಲಿಸಲಿಲ್ಲ. ಆ ಜುಲೈ ಕೊನೆಗೆ ತೀರಿಕೊಂಡರು. ನೋಡಲು ಬಂದದ್ದು ಅದರಿಂದ ವ್ಯರ್ಥವಾಯಿತು ಎಂದು ಯಾರಾದರೂ ಹೇಳಬಹುದೇ?

ಈ ಕತೆಯಲ್ಲಿ ಕಳೆದುಕೊಂಡ ಕಡೆಯವರೂ ಕೊನೆಗೆ ಸಣ್ಣವರಾಗಲಿಲ್ಲ. ಮನೆಯ ಬಾಗಿಲು ಹಾಪ್ಕಿನ್ಸ್‌ಗೆ ತೆರೆದೇ ಇತ್ತು. ಜೆಸ್ವಿಟನಾಗಿ ಅವನು ವೇಲ್ಸ್, ಲಿವರ್‌ಪೂಲ್, ಡಬ್ಲಿನ್ ಎಂದು ಅಲೆದಾಡಿದ ವರ್ಷಗಳಲ್ಲಿ ತಾಯಿ ಕೇಟ್ ಅವರ ಜೊತೆ ಪತ್ರವ್ಯವಹಾರ ನಡೆದೇ ಇತ್ತು. ಬ್ರಿಜಸ್ ಆಂಗ್ಲಿಕನ್ ಆಗಿಯೇ ಉಳಿದ. ಗೆಳೆಯನ ಹೊಸ ಸಭೆ ಅವನಿಗೆ ಇಷ್ಟವಾಗಲಿಲ್ಲ, ಜೆಸ್ವಿಟರೆಂದರೆ ಇನ್ನೂ ಅಷ್ಟಕ್ಕಷ್ಟೆ. ಹಾಗಿದ್ದೂ ಇಬ್ಬರ ನಡುವೆ ಕವಿತೆಗಳ ಪತ್ರಗಳು 1889ರವರೆಗೆ ಓಡಾಡಿದವು. ಆ ವರ್ಷ ಜೂನ್ 8ರಂದು ಹಾಪ್ಕಿನ್ಸ್ ಡಬ್ಲಿನ್ನಿನಲ್ಲಿ ಟೈಫಾಯ್ಡ್ ಜ್ವರದಿಂದ ತೀರಿಕೊಂಡ. 44 ವರ್ಷ. ಅವನ ಹೆಸರಿನಲ್ಲಿ ಒಂದು ಕವನಸಂಕಲನವೂ ಬಂದಿರಲಿಲ್ಲ.

ಬ್ರಿಜಸ್ ಗೆಳೆಯನಿಗೆ ತಾನು ಬರೆದಿದ್ದ ಪತ್ರಗಳನ್ನು ನಾಶಮಾಡಿದ. ಗೆಳೆಯ ತನಗೆ ಬರೆದದ್ದನ್ನೂ ಕವಿತೆಗಳ ಹಸ್ತಪ್ರತಿಗಳನ್ನೂ ಉಳಿಸಿದ. 1913ರಲ್ಲಿ ಅವನು ಇಂಗ್ಲೆಂಡಿನ ಆಸ್ಥಾನಕವಿಯಾದ. 1918ರಲ್ಲಿ ಹಾಪ್ಕಿನ್ಸ್‌ನ ಕವಿತೆಗಳನ್ನು ತಾನೇ ಸಂಪಾದಿಸಿ ಪ್ರಕಟಿಸಿದ. ಮೆಚ್ಚದೆ ಇದ್ದದ್ದನ್ನು ಅಲ್ಲೂ ಮುಚ್ಚಿಡಲಿಲ್ಲ, ಗೆಳೆಯನ ಕಾವ್ಯದಲ್ಲಿ ತನಗೆ ಕಂಡ ದೋಷಗಳನ್ನು ಪಟ್ಟಿ ಮಾಡಿ ಬರೆದ. ಅಚ್ಚಾದದ್ದು 750 ಪ್ರತಿ, ಅವು ಖರ್ಚಾಗಲು ಸುಮಾರು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಹೊಸ ತಲೆಮಾರು ಆ ಕವಿಯನ್ನು ಕಂಡುಕೊಂಡಿತು. ಇಂದು ನಮ್ಮ ತರಗತಿಗಳಿಗೆ ಅವನು ಬಂದಿರುವುದು, ಅವನ ನಂಬಿಕೆಯನ್ನು ಒಪ್ಪದ ಒಬ್ಬ ಗೆಳೆಯ ಮೂರು ದಶಕ ಕಾಪಾಡಿಕೊಂಡ ಕಾಗದಗಳಿಂದ.

ಪುಸ್ತಕದ ಅರ್ಪಣೆ ಲ್ಯಾಟಿನ್ ಭಾಷೆಯಲ್ಲಿದೆ. ಅದು ಹಾಪ್ಕಿನ್ಸ್‌ನ ತಾಯಿಗೆ. 1866ರ ಅಕ್ಟೋಬರಿನಲ್ಲಿ ಮಗನ ಪತ್ರ ಓದಿದ್ದ ಕೇಟ್ ಹಾಪ್ಕಿನ್ಸ್ ಅವರಿಗೆ ಆಗ 97 ವರ್ಷ. ಅವರು 1920ರವರೆಗೆ ಬದುಕಿದ್ದರು, ಮಗನ ಪುಸ್ತಕ ಅವರ ಕೈ ಸೇರಿತು.